ಕಾಯಿಸಿದ್ದಕ್ಕೆ ಕ್ಷಮಿಸಿ

ಮತ್ತೆ ಅದೇ ಗಿರಾಕಿ. ಮೇಲ್ವಿಚಾರಕ ತಣ್ಣಗಾದ ಚಹಾವನ್ನು ಪಕ್ಕಕ್ಕೆ ಸರಿಸಿ, ಹೆಡ್‌ಫೋನ್ ಏರಿಸಿಕೊಂಡು, ಕರೆಯನ್ನು ಕದ್ದು ಕೇಳುವ ಗುಂಡಿ ಒತ್ತಿದ. ಇವತ್ತು ಸಮಾಧಾನಿಯನ್ನು ಹಿಡಿದೇ ಬಿಡಬೇಕು.

ಅದು ವಿಮಾನ ಕಂಪನಿಯೊಂದರ ಪಾಯಿಂಟ್ಸ್ ವಿಭಾಗ. ಕಾರ್ಡು ಉಜ್ಜಿ ಉಜ್ಜಿ ಕೂಡಿಸಿದ ಪಾಯಿಂಟ್ಸನ್ನು ಜನ ಇಲ್ಲಿಗೆ ಫೋನ್ ಮಾಡಿ ಟಿಕೆಟ್ಟಾಗಿ ಬದಲಿಸಿಕೊಳ್ಳುತ್ತಿದ್ದರು. ಊರೆಲ್ಲ ಕೆಲಸ ಮುಗಿಸಿ ಮನೆಗೆ ಹೊರಡುವ ಸಂಜೆಯಲ್ಲಿ ಈ ಪಾಳಿಯವರು ಒಳಗೆ ಬರುತ್ತಿದ್ದರು. ಮೊಬೈಲುಗಳೆಲ್ಲ ಬಾಗಿಲ ಬಳಿಯ ಲಾಕರಿನಲ್ಲಿ. ಬೆಳಕು ಹರಿಯುವ ತನಕ ಯಾರಿಗೂ ಮನೆಯಿಲ್ಲ, ಮಠವಿಲ್ಲ.

ಗಿರಾಕಿಗಳು ಎಷ್ಟೇ ಕೂಗಾಡಿದರೂ ದನಿ ಏರಿಸದ ಗುಮಾಸ್ತನಿಗೆ ಸಮಾಧಾನಿ ಎಂದು ಅಡ್ಡಹೆಸರು ಬಿದ್ದಿತ್ತು. ಮೇಲ್ವಿಚಾರಕನಿಗೂ ಅವನಿಂದ ಯಾವ ತಲೆನೋವೂ ಇರಲಿಲ್ಲ. ರಜೆ ಕೇಳಲು ಬಂದಾಗ "ಮುಂದಿನ ತಿಂಗಳು ನೋಡೋಣ" ಎಂದರೆ ಸಾಕು, ತಲೆಯಾಡಿಸಿ ಹೋಗಿ ತನ್ನ ಜಾಗದಲ್ಲಿ ಕೂರುತ್ತಿದ್ದ. ಅಂಥವನ ಮೇಲೆ ಅನುಮಾನ ಹುಟ್ಟಿಸಿದ್ದು ಪಕ್ಕದ ಸೀಟಿನವಳ ತಮಾಷೆ.

"ನಿಮ್ಮ ಗಿರಾಕಿ ಕಣ್ರೀ ಸಮಾಧಾನಿ! ನನ್ನ ದನಿ ಕೇಳಿದ್ದೇ ತಡ, ಪಟಕ್ಕಂತ ಇಟ್ಟುಬಿಟ್ಟಳು. ನೀವು ಸಿಗೋ ತನಕ ಬಿಡಲ್ಲ ಅವಳು. ಅದೇನು ಮಂಕುಬೂದಿ ಎರಚಿದ್ದೀರೋ!"

"ಏನಿಲ್ಲಮ್ಮ. ಅವರಿಗೆ ಎರಡು ಸೀಟು ಬೇಕಂತೆ, ಅಷ್ಟೇ."

ಮೇಲ್ವಿಚಾರಕ ಹಳೆಯ ಕರೆಗಳನ್ನು ತೆಗೆದು ಕೇಳಿದ್ದ. ಪ್ರತಿ ಸಲವೂ ಅದೇ ಹೆಂಗಸು, ಅದೇ ಬೇಡಿಕೆ. ನಡುವೆ ಒಂದು ಕಡೆ ವಿಮಾನ ಬದಲಿಸಿ ಹೋಗಬೇಕಾದ ದೂರದ ದೇಶ, ಇಬ್ಬರಿಗೆ ಸೀಟು. ಪ್ರತಿ ಸಲವೂ ಸಮಾಧಾನಿಯದು ಒಂದೇ ರಾಗ: "ಈ ತಿಂಗಳು ಆಗಲ್ಲ ಮೇಡಂ, ಮುಂದಿನ ತಿಂಗಳು ನೋಡೋಣ." ಆದರೆ ಎರಡೂ ವಿಮಾನಗಳಲ್ಲಿ ಸೀಟುಗಳು ಖಾಲಿ ಹೊಡೆಯುತ್ತಿದ್ದವು. ಇರುವ ಸೀಟನ್ನು ಇಲ್ಲ ಎನ್ನುವವನು ಅದನ್ನು ಇನ್ನೆಲ್ಲೋ ಮಾರುತ್ತಿರಲೇಬೇಕು. ಅದು ಸಾಬೀತಾದರೆ ಇವನ ಕೆಲಸ ಹೋದಂತೆ. ಈ ವಯಸ್ಸಿಗೆ ಇನ್ನೊಂದು ಸಿಗುವುದೂ ಅಷ್ಟರಲ್ಲೇ ಇದೆ.

ಮೇಲ್ವಿಚಾರಕ ಪರದೆ ನೋಡಿದ. ಗಿರಾಕಿಗಳ ಗುಟ್ಟು ಕಾಯಲೆಂದು ಹೆಸರಿನ ಜಾಗದಲ್ಲಿ ಬರೀ ಅಂಕಿಗಳಿದ್ದವು. ಗಂಡ ಹೆಂಡತಿಯ ಜಂಟಿ ಖಾತೆ ಎಂಬುದಷ್ಟೇ ಗೊತ್ತಾಗುತ್ತಿತ್ತು.

"ನಮಸ್ಕಾರ ಮೇಡಂ, ಹೇಳಿ."

"ಅದೇ. ಅಕ್ಕನ ಊರಿಗೆ." ಅವಳ ಹಿಂದೆ ಬಸ್ಸಿನ ಸದ್ದು, ಯಾರದೋ ಕೆಮ್ಮು.

"ಇಬ್ಬರಿಗೆ ಅಲ್ವಾ ಮೇಡಂ? ಮುಂದಿನ ತಿಂಗಳು..."

"ಒಂದೇ ಸೀಟು ಸಾಕು."

ಕೀಲಿಮಣೆಯ ಸದ್ದು ನಿಂತಿತು.

"ಮೇಡಂ?"

"ಒಂದೇ. ನಾಳೆಗೆ ಸಿಗುತ್ತಾ?"

ಮೇಲ್ವಿಚಾರಕ ಮುಂದಕ್ಕೆ ಬಾಗಿದ. ಸೀಟು ಇತ್ತು. ಈಗ ಇಲ್ಲ ಎಂದನೋ, ಸಿಕ್ಕಿಬಿದ್ದ.

"ಇದೆ ಮೇಡಂ," ಎಂದ ಸಮಾಧಾನಿ ನಿಧಾನಕ್ಕೆ. "ಆದರೆ ನಡುವೆ ವಿಮಾನ ಬದಲಿಸೋ ಕಡೆ ಇಡೀ ಹಗಲು ಕಾಯಬೇಕಾಗುತ್ತೆ. ಒಬ್ಬರೇ ಕೂತಿರೋದು ಕಷ್ಟ."

"ಅದು ಚೆನ್ನಾಗೇ ಅಭ್ಯಾಸ ಆಗಿದೆ ಬಿಡಿ."

"ವಾಪಸ್ ಬರೋ ಟಿಕೆಟ್ಟೂ ಹಾಕಲಾ? ಪಾಯಿಂಟ್ಸ್ ಸಾಕಾಗುತ್ತೆ."

"ಬೇಡ. ಉಳಿದಿದ್ದು ಅವರ ಪಾಲು. ಇರಲಿ."

ಮೇಲ್ವಿಚಾರಕನಿಗೆ ನಿರಾಸೆಯಾಯಿತು. ಎಲ್ಲ ನೆಟ್ಟಗೇ ನಡೆಯುತ್ತಿತ್ತು.

"ಇದು ಜಂಟಿ ಖಾತೆ ಮೇಡಂ. ಟಿಕೆಟ್ ಮಾಡಬೇಕಾದರೆ ನಿಮ್ಮ ಯಜಮಾನರ ಒಪ್ಪಿಗೆ ಬೇಕು."

"ಕೇಳಿ ನೋಡಿ." ಅವಳ ದನಿ ಮೊದಲ ಸಲ ಮೆತ್ತಗಾಯಿತು. "ಅವರು ಯಾವತ್ತೂ ಯಾವುದಕ್ಕೂ ಬೇಡ ಅಂದವರಲ್ಲ. ಆಯ್ತು ಅಂದವರೂ ಅಲ್ಲ."

"ಲೈನಿನಲ್ಲೇ ಇರಿ ಮೇಡಂ."

ಕಾಯುವವರಿಗೆಂದು ಹಾಕುವ ಪಿಟೀಲು ಶುರುವಾಯಿತು. ಈಗ ಖಾತೆಯ ಇನ್ನೊಬ್ಬ ಸದಸ್ಯನಿಗೆ ಫೋನ್ ಮಾಡಿ, ಅವನ ಬಾಯಿಂದಲೇ ಒಪ್ಪಿಗೆ ಪಡೆಯಬೇಕು. ಅದು ನಿಯಮ. ಮೇಲ್ವಿಚಾರಕ ಗಾಜಿನ ಗೋಡೆಯಾಚೆ ನೋಡಿದ. ಸಮಾಧಾನಿ ಯಾವ ನಂಬರನ್ನೂ ಒತ್ತಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಪಿಟೀಲು ಮುಗಿದು, ಮತ್ತೆ ಮೊದಲಿಂದ ಶುರುವಾಯಿತು.

"ಕಾಯಿಸಿದ್ದಕ್ಕೆ ಕ್ಷಮಿಸಿ ಮೇಡಂ. ಒಪ್ಪಿಗೆ ಸಿಕ್ಕಿತು. ಟಿಕೆಟ್ ಆಗಿದೆ."

ಆ ಕಡೆ ಬ್ಯಾಗಿನ ಜಿಪ್ ಎಳೆದ ಸದ್ದು.

"ಮತ್ತೇನಾದರೂ ಸಹಾಯ ಬೇಕಾ ಮೇಡಂ?"

"ಅದನ್ನ ಇನ್ನೂ ಮೊದಲೇ ಕೇಳಬೇಕಿತ್ತು ನೀವು."

ಕರೆ ಕಡಿಯಿತು.

ಸಿಕ್ಕಿಬಿದ್ದ! ಬೇರೆ ದಾರಿಯಿಂದ ಬಂದರೂ ಸಿಕ್ಕಿಬಿದ್ದ. ಮೇಲ್ವಿಚಾರಕ ದಡಬಡನೆ ಹೊರಗೆ ಬಂದ.

"ಏನ್ರೀ ಇದು ಸಮಾಧಾನಿ? ಯಾರಿಗೂ ಫೋನ್ ಮಾಡದೇನೇ ಒಪ್ಪಿಗೆ ಸಿಕ್ತು ಅಂತ ಹಾಕಿದ್ದೀರಿ! ಕಣ್ಣಾರೆ ನೋಡಿದ್ದೀನಿ. ಇಷ್ಟು ಸಾಕು, ಕೆಲಸ ಹೋಗುತ್ತೆ. ಗೊತ್ತಾ ನಿಮಗೆ?"

"ಗೊತ್ತು ಸಾರ್."

"ಆಯಮ್ಮ ನಾಳೆ ವಿಮಾನ ಹತ್ತಿ ಹೋಗ್ತಾಳೆ. ಆ ಗಂಡ ಅನ್ನೋ ಪ್ರಾಣಿಗೆ ವಿಷಯಾನೇ ಗೊತ್ತಿಲ್ಲ! ನಾಡಿದ್ದು ಅವನು ಬಂದು ನನ್ನ ಕತ್ತಿನ ಪಟ್ಟಿ ಹಿಡಿದರೆ ಏನು ಹೇಳಲಿ?"

ಸಮಾಧಾನಿ ಹೆಡ್‌ಫೋನ್ ತೆಗೆದು, ವಯರನ್ನು ಅಚ್ಚುಕಟ್ಟಾಗಿ ಸುತ್ತಿ ಮೇಜಿನ ಮೇಲಿಟ್ಟ.

"ಹಿಡಿಯಲ್ಲ ಸಾರ್. ಆ ಪ್ರಾಣಿಗೆ ವಿಷಯ ಗೊತ್ತು. ಒಂದೇ ಸೀಟು ಸಾಕು ಅಂದಾಗಲೇ ಗೊತ್ತಾಯ್ತು ನನಗೆ."