ಈ ವರ್ಷದ ಆದ್ಯತೆ

ಲತಾಮಣಿ ಮನೆಗೆ ಟೈಲ್ಸ್ ಹಾಕಿಸಿದ್ದೇ ತಪ್ಪಾಯಿತು. ವಿಡಿಯೋ ಮಾಡಲೆಂದು ಅರಸೀಕೆರೆಯಿಂದ ಮಾದಿಹಳ್ಳಿಗೆ ಬಂದಿದ್ದ ಸ್ವಯಂಸೇವಾ ಸಂಸ್ಥೆಯ ನಿರ್ದೇಶಕ ಚಿದಂಬರ ಹೊಸಿಲಲ್ಲೇ ನಿಂತುಬಿಟ್ಟರು. ಒಳಗೆ ಫ್ರಿಜ್ಜು, ಗೋಡೆಗೆ ತಿಳಿಹಸಿರು ಬಣ್ಣ, ಹಿತ್ತಲ ಕೊಟ್ಟಿಗೆಯಲ್ಲಿ ಸೀಮೆಹಸುಗಳು.

"ತುಂಬಾ ಸಂತೋಷ," ಎಂದರು, ಸಂತೋಷವೇ ಇಲ್ಲದ ದನಿಯಲ್ಲಿ. "ಆದ್ರೆ ನಾಳೆ ಸಭೆಯಲ್ಲಿ ತೋರಿಸೋಕೆ ನಿಮ್ಮ ಮೊದಲಿನ ಮನೆ ಬೇಕಲ್ಲ, ಲತಾಮಣಿಯವ್ರೇ."

"ಅದನ್ನ ಕೆಡವಿ ತಾನೆ ಸಾರ್ ಇದನ್ನ ಕಟ್ಟಿದ್ದು?"

"ಛೆ! ಕೆಡವೋಕೆ ಮುಂಚೆ ಒಂದು ಮಾತು ಹೇಳೋದಲ್ವಾ?"

ಮಾರನೆಯ ದಿನ ಹಳೇಬೀಡಿನ ಹೋಟೆಲೊಂದರಲ್ಲಿ 'ಬಡತನ ನಿವಾರಣೆ: ನಾಗರಿಕ ಸಮಾಜದ ಆದ್ಯತೆಗಳು' ಎಂಬ ಸಭೆ. ನೆರವು ಕೊಡುವ ದೊಡ್ಡವರು ಬೆಂಗಳೂರಿನಿಂದ ಬರುವವರಿದ್ದರು. ಬಡತನದಿಂದ ಮೇಲೆದ್ದ ಹೆಂಗಸೊಬ್ಬಳನ್ನು ಅವರ ಮುಂದೆ ನಿಲ್ಲಿಸಬೇಕಿತ್ತು. ಎಲ್ಲಿಂದ ಎದ್ದಳು ಎಂಬುದನ್ನೂ ತೋರಿಸಬೇಕಿತ್ತು. ಗಂಡ ಸತ್ತ ವರ್ಷ ಲತಾಮಣಿಗೆ ಮೊದಲ ಹಸು ಕೊಡಿಸಿದ್ದು ಇದೇ ಸಂಸ್ಥೆ. ಅವಳ ಮಹಿಳಾ ಸಂಘಕ್ಕೆ ಹಾಲು ಕರೆಯುವ ಯಂತ್ರ ಕೊಡಿಸುವ ಮಾತೂ ನಡೆದಿತ್ತು. ಹಾಗಾಗಿ, "ನಿಮ್ಮದು ಇಲ್ಲದಿದ್ರೆ ಆ ಎದುರು ಮನೇಲೇ ಕೂತ್ಕೊಳ್ಳಿ" ಎಂದು ಚಿದಂಬರ ಬೀದಿಯಾಚೆ ಕೈ ತೋರಿಸಿದಾಗ ಅವಳಿಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಅದು ಮುದುಕ ಜವರಪ್ಪನ ಮನೆ. ಗೋಡೆ ಒಂದು ಕಡೆ ವಾಲಿತ್ತು. ಅರ್ಧ ಹೆಂಚು ಹೋಗಿ ಆ ಜಾಗಕ್ಕೆ ತೆಂಗಿನಗರಿ ಹೊದಿಸಿತ್ತು. "ಅದ್ಭುತ!" ಎಂದರು ಚಿದಂಬರ.

ಕ್ಯಾಮೆರಾ ಹಿಡಿದವರನ್ನು ಕಂಡ ಜವರಪ್ಪ ಮನೆ ಮಂಜೂರು ಮಾಡುವವರೇ ಕೊನೆಗೂ ಬಂದರೆಂದುಕೊಂಡ. ಕಾಲು ಸ್ವಾಧೀನ ತಪ್ಪಿದ ಹೆಂಡತಿ ಸುವರ್ಣಮ್ಮನನ್ನು ಎತ್ತಿ ತಂದು ಜಗಲಿಯ ಮೇಲೆ ಕೂರಿಸಿ, ತಲೆ ಬಾಚಿ, ಸೆರಗು ಸರಿಮಾಡಿದ.

"ಅಜ್ಜ, ನೀವಿಬ್ರೂ ಸ್ವಲ್ಪ ಆ ಕಡೆ ಹೋಗಿ. ಅಡ್ಡ ಬರ್ತೀರ," ಎಂದರು ಚಿದಂಬರ.

ಜವರಪ್ಪ ಹೆಂಡತಿಯನ್ನು ಮತ್ತೆ ಎತ್ತಿಕೊಂಡು ಹೋಗಿ ಹುಣಸೆಮರದ ಕೆಳಗೆ ಕೂರಿಸಿದ. ಅವನ ಹೊಸಿಲ ಮೇಲೆ, ಸುವರ್ಣಮ್ಮನದೇ ಹಳೆಯ ಸೀರೆ ಉಟ್ಟು, ಲತಾಮಣಿ ಗಲ್ಲಕ್ಕೆ ಕೈಕೊಟ್ಟು ಕೂತಳು. ಮುಖ ಸಪ್ಪಗೆ ಮಾಡಿ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

ಎಲ್ಲ ಮುಗಿದ ಮೇಲೆ ಜವರಪ್ಪ ಕೈಮುಗಿದ. "ಸಾಮಿ, ನಮ್ಮ ಮನೆಗೆ ಏನಾದ್ರೂ ಬತ್ತದಾ?"

"ಈ ವರ್ಷದ ಆದ್ಯತೆ ಮಹಿಳೆಯರು, ಅಜ್ಜ."

"ನನ್ನ ಹೆಂಡ್ರೂ ಹೆಂಗ್ಸೇ ಅಲ್ವಾ ಸಾಮಿ?"

ಚಿದಂಬರ ಅರೆಗಳಿಗೆ ಯೋಚಿಸಿದರು. "ಅಂದ್ರೆ, ದುಡಿಯೋ ಮಹಿಳೆಯರು. ವಯಸ್ಸಾದವರದ್ದು ಮುಂದೆ ಬರುತ್ತೆ, ಇರಿ."

"ಅಲ್ಲೀಗಂಟ ನಾವು ಇರ್ಬೇಕಲ್ಲ ಸಾಮಿ," ಎಂದ ಜವರಪ್ಪ. ಚಿದಂಬರ ಆಗಲೇ ಕಾರು ಹತ್ತಿದ್ದರು.

ಮರುದಿನ ಸಭೆಯಲ್ಲಿ ಪರದೆಯ ತುಂಬ ಜವರಪ್ಪನ ಮನೆ. ಹಿನ್ನೆಲೆಯಲ್ಲಿ ಕೊಳಲು. ಮುಂದಿನ ಸಾಲಿನಲ್ಲಿ ಯಾರೋ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಈ ಮನೆ ಇವತ್ತು ಇಲ್ಲ!" ಎಂದು ಚಿದಂಬರ ಸಾರಿದರು. ಚಪ್ಪಾಳೆಯ ನಡುವೆ ಮೈಕು ಲತಾಮಣಿಯ ಕೈಗೆ ಬಂತು. ಬಾಯಿಪಾಠ ಮಾಡಿಸಿದ್ದ ಮಾತು ಅವಳಿಗೆ ನೆನಪಿತ್ತು. ಆದರೆ ಪರದೆಯ ಅಂಚಿನಲ್ಲಿ, ವಿಡಿಯೋದಿಂದ ತೆಗೆಯಲು ಮರೆತಿದ್ದ, ಹುಣಸೆಮರದ ಕೆಳಗೆ ಕೂತಿದ್ದ ಸುವರ್ಣಮ್ಮನ ಒಂದು ಪಾದ ಕಾಣುತ್ತಿತ್ತು.

"ಆ ಮನೆ ಇವತ್ತೂ ಐತೆ," ಎಂದಳು ಲತಾಮಣಿ. "ಅದು ನನ್ನ ಮನೆ ಅಲ್ಲ. ಅದರೊಳಗೆ ಜವರಪ್ಪ ಅಂತ ಒಬ್ಬರಿದಾರೆ. ನಾನು ಸುಮ್ನೆ ಹೋಗಿ ಕೂತಿದ್ದೆ, ಅಷ್ಟೇ."

ಚಿದಂಬರರ ಮುಖ ಬಿಳಿಚಿಕೊಂಡಿತು. ಆಗ ಬೆಂಗಳೂರಿನ ಮುಖ್ಯ ಅತಿಥಿ ಉಷಾರಾಣಿ ನಿಧಾನವಾಗಿ ಎದ್ದು ನಿಂತರು. ಅವರ ಕಣ್ಣು ತುಂಬಿತ್ತು.

"ಎಂಥ ಮಾತು! ತಾನು ಗೆದ್ದ ಮೇಲೂ ಆ ಮನೆಯೊಳಗೆ ಇನ್ನೂ ಯಾರೋ ಇದ್ದಾರೆ ಅಂತಾರಲ್ಲ ಈ ತಾಯಿ! ನಿಜ. ನಮ್ಮೆಲ್ಲರ ಒಳಗೂ ಒಬ್ಬ ಜವರಪ್ಪ ಇದ್ದಾನೆ."

ಹಾಲ್ ಚಪ್ಪಾಳೆಯಿಂದ ಅದುರಿತು. "ನಿಮ್ಮೊಳಗಲ್ಲ ಮೇಡಂ, ಮಾದಿಹಳ್ಳೀಲಿ! ಇಲ್ಲೇ ಹತ್ರ, ಈಗ್ಲೇ ಹೋಗಿ ನೋಡ್ಬೋದು..." ಎಂದು ಲತಾಮಣಿ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಅವಳ ಕೈಯ ಮೈಕನ್ನು ಆಗಲೇ ತೆಗೆದುಕೊಂಡಿದ್ದ ಯಾರೋ, ಊಟ ಸಿದ್ಧವಾಗಿದೆ, ಹೋಳಿಗೆ ಬಿಸಿಯಿರುವಾಗಲೇ ದಯಮಾಡಿಸಬೇಕು ಎಂದರು.

"ಗೆದ್ದುಬಿಟ್ರಿ ಕಣ್ರೀ!" ಚಿದಂಬರ ಬೆವರು ಒರೆಸಿಕೊಳ್ಳುತ್ತ ಬಂದು ಪಿಸುಗುಟ್ಟಿದರು. "ನಿಮ್ಮ ಸಂಘಕ್ಕೆ ಯಂತ್ರ ಗ್ಯಾರಂಟಿ."

ಲತಾಮಣಿ ಉಣ್ಣದೆ ಬಸ್ಸು ಹತ್ತಿದಳು. ಊರಲ್ಲಿ ಇಳಿಯುವಷ್ಟರಲ್ಲಿ ಮೋಡ ಕವಿದಿತ್ತು. ತನ್ನ ಮನೆಯ ಬೀಗವನ್ನೂ ತೆಗೆಯದೆ ನೇರ ಜವರಪ್ಪನಲ್ಲಿಗೆ ಹೋಗಿ, ಕೇಳದೆಯೇ ಅವರ ಹಾಸಿಗೆ ಸುತ್ತಿ ಹೆಗಲಿಗೇರಿಸಿದಳು.

"ಏಳಣ್ಣ, ಅಕ್ಕನ್ನ ಎತ್ಕೋ. ಮಳೆಗಾಲ ಕಳೆಯೋಗಂಟ ನಮ್ಮನೇಲಿ ಇರೀರಂತೆ."

ಜವರಪ್ಪ ಹೆಂಡತಿಯನ್ನು ಬೆನ್ನಿಗೆ ಹೊತ್ತುಕೊಂಡ. ಬೀದಿ ದಾಟುವಾಗ ಕೇಳಿದ:

"ಸಭೇಲಿ ನಮ್ಮ ಮಾತೇನಾದ್ರೂ ಬಂತಾ ಮಗಾ?"

"ಬಂತಣ್ಣ."

"ಏನಂದ್ರು?"

ಲತಾಮಣಿ ಅವನ ಮುಖ ನೋಡಲಿಲ್ಲ. "ಅವರೆಲ್ಲರ ಒಳಗೂ ನೀನು ಇದೀಯಂತೆ."

ಜವರಪ್ಪ ಬೆನ್ನ ಮೇಲಿದ್ದ ಸುವರ್ಣಮ್ಮನನ್ನು ಒಮ್ಮೆ ಮೇಲಕ್ಕೆ ಸರಿಸಿಕೊಂಡು ಕೇಳಿದ:

"ಅಲ್ಲಿ ಸೋರಲ್ವಂತಾ?"