ಶನಿವಾರದವರೆಗೆ ಜ್ವರ

"ಈ ಮನೇಲಿ ನಾಕು ಮಕ್ಕಳಿಗೂ ಜ್ವರ ಅಂತ ಬಂದದೆ. ಎಲ್ಲವರೆ, ಕರೀರಿ. ರಕ್ತ ತಗೋಬೇಕು."

ಆರೋಗ್ಯ ಸಹಾಯಕ ಚಾಮಯ್ಯ ಸೂಜಿ, ಗಾಜಿನ ಪಟ್ಟಿಗಳ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಬಷೀರಾಬಿ ಹೊಸಿಲಿಗೆ ಅಡ್ಡ ನಿಂತು, ಮೊಮ್ಮಕ್ಕಳು ಮಲಗಿವೆ ಎಂದಳು. ಎಬ್ಬಿಸಿ ಎಂದ. ಈಗಷ್ಟೇ ಕಣ್ಣು ಹತ್ತಿದೆ ಎಂದಳು. ಅವರ ಅಪ್ಪ ಅಮ್ಮಂದಿರು? ಔಷಧಿ ತರಲು ಹೋಗಿದ್ದಾರೆ. ನಾಲ್ಕು ಜನವೂ? ಬಷೀರಾಬಿ ಬಾಗಿಲನ್ನು ಇನ್ನಷ್ಟು ಮುಂದೆ ಎಳೆದುಕೊಂಡಳು.

ಚಾಮಯ್ಯನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಕುತೂಹಲ. ಮೊಬೈಲ್ ತೆಗೆದು, ಶಾಲೆಯ ಮಂಗಳಗೌರಿ ಮೇಡಂ ಕಳಿಸಿದ್ದ ರಜಾ ಅರ್ಜಿಗಳ ಫೋಟೋ ಒಂದೊಂದಾಗಿ ಸರಿಸಿದ. ಪಕ್ಕದ ಬೀದಿಯ ಹುಡುಗಿಯೊಬ್ಬಳು ಡೆಂಗಿಯಿಂದ ಮೈಸೂರಿನ ಆಸ್ಪತ್ರೆ ಸೇರಿದ ಮೇಲೆ, ಒಂದೇ ಮನೆಯ ಇಬ್ಬರಿಗೆ ಜ್ವರ ಬಂದರೂ ತಿಳಿಸಿ ಎಂದು ಆರೋಗ್ಯ ಇಲಾಖೆಯವರು ಶಾಲೆಗೆ ಹೇಳಿದ್ದರು. ಮೇಡಂ ತಿಳಿಸಿದ್ದರು. ಜೋಯಾ, ಅರಾಫತ್, ಅವರ ಚಿಕ್ಕಪ್ಪನ ಇಬ್ಬರು ಮಕ್ಕಳು: ಕೈಬರಹ ಬೇರೆ ಬೇರೆ, ಒಕ್ಕಣೆ ಮಾತ್ರ ಒಂದೇ. 'ನನಗೆ ಜ್ವರ ಬಂದಿರುವುದರಿಂದ ಸೋಮವಾರದಿಂದ ಶನಿವಾರದವರೆಗೆ ರಜೆ ನೀಡಬೇಕೆಂದು ಕೋರುತ್ತೇನೆ.' ಸುಳ್ಳು ಬರೆಸುವವರು ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬಳಿಗೆ ಕೆಮ್ಮು ಎಂದಾದರೂ ಹಂಚಬೇಕಿತ್ತು. ಅಷ್ಟೂ ತಲೆ ಓಡಿಸಿರಲಿಲ್ಲ.

"ಇಪ್ಪತ್ತೆರಡು ವರ್ಷದಿಂದ ಜ್ವರ ನೋಡ್ತಿವ್ನಿ ಅಮ್ಮ," ಎಂದ ಚಾಮಯ್ಯ. "ಶನಿವಾರ ಬುಟ್ಟೋಯ್ತೀನಿ ಅಂತ ಸೋಮವಾರವೇ ಹೇಳೋ ಜ್ವರ ಇದೇ ಮೊದಲು. ಒಸಿ ಅದರ ಮುಖ ನೋಡ್ಬೇಕು ನಾನು."

ಅಷ್ಟರಲ್ಲಿ ಬೀದಿಯ ತುದಿಯಿಂದ ಗಲಾಟೆ ಕೇಳಿತು. ಜ್ವರದ ಮನೆಯ ಎರಡೂ ಪಕ್ಕ ಹತ್ತು ಹತ್ತು ಮನೆಗಳಲ್ಲಿ ತುಂಬಿಟ್ಟ ನೀರು ಚೆಲ್ಲಿಸಬೇಕೆಂದು ಆದೇಶವಾಗಿತ್ತು. ಚಾಮಯ್ಯನ ಜೊತೆ ಬಂದ ಇಬ್ಬರು ಆಶಾ ಕಾರ್ಯಕರ್ತೆಯರು ಆಗಲೇ ಮೂರು ಡ್ರಮ್ ಮಗುಚಿದ್ದರು. ಆ ಬೀದಿಗೆ ನಲ್ಲಿ ನೀರು ಬರುವುದು ಐದು ದಿನಕ್ಕೊಮ್ಮೆ. ಬಂದದ್ದು ನಿನ್ನೆ ಸಂಜೆ. ಮುಂದಿನ ಸರದಿ ಚಿಕ್ಕಸಿದ್ದಮ್ಮನ ಮನೆಯದು. ಅಲ್ಲಿ ಬಾಣಂತಿ ಮಗಳಿದ್ದಳು, ಹನ್ನೊಂದು ದಿನದ ಕೂಸಿತ್ತು. ಚಿಕ್ಕಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಇಲ್ಲಿಗೇ ಬಂದಳು.

"ಜ್ವರ ನಿಮ್ಮನೇಲಿ, ನೀರು ಚೆಲ್ಲೋದು ನಮ್ಮನೇಲಾ ಬಷೀರಕ್ಕ? ಬಾಣಂತಿಗೆ ನೀರು ಉಯ್ಯೋಕೆ ಬಿಂದಿಗೆ ಹೊತ್ಕಂಡು ಕಬಿನಿಗೆ ಓಗ್ಲಾ ನಾನು?"

ಬಷೀರಾಬಿ ಚಿಕ್ಕಸಿದ್ದಮ್ಮನನ್ನೂ ಚಾಮಯ್ಯನನ್ನೂ ನೋಡಿದಳು. ಯಾರು ಕೇಳಿದರೂ ಜ್ವರ ಎನ್ನಬೇಕೆಂದು ಹಿರಿಮಗ ಫಕ್ರುದ್ದೀನ್ ಹೊರಡುವಾಗ ಎರಡು ಸಲ ಹೇಳಿ ಹೋಗಿದ್ದ. ನಿಜ ಹೇಳಿದರೆ ಬರುವ ಸೋಮವಾರ ಮಕ್ಕಳು ಇಡೀ ಶಾಲೆಯೆದುರು ಸುಳ್ಳುಗಾರರಾಗಿ ನಿಲ್ಲಬೇಕು. ಜೋಯಾ ಅಂತೂ ಜ್ವರ ಎಂದು ಬರೆಯುವುದಿಲ್ಲ ಎಂದು ಅತ್ತು, ಅಪ್ಪನ ಕೈಲಿ ಬೈಸಿಕೊಂಡು ಬರೆದಿದ್ದಳು. ಹೇಳದಿದ್ದರೆ ಬೀದಿಗೆ ನಾಲ್ಕು ದಿನ ನೀರಿಲ್ಲ.

"ಜ್ವರ ಇಲ್ಲ ಸಾರ್," ಎಂದಳು. "ಮಕ್ಕಳೂ ಇಲ್ಲ. ಬಿಜಾಪುರಕ್ಕೆ ಹೋಗವ್ರೆ, ಗೋಳಗುಮ್ಮಟ ನೋಡೋಕೆ. ಜನರ ನೀರು ಚೆಲ್ಲಿಸ್ಬೇಡಿ."

ಚಾಮಯ್ಯ ಬೀದಿಗಿಳಿದು, ನಿಲ್ಲಿಸಿ ಎಂದು ಕೈಸನ್ನೆ ಮಾಡಿ ಬಂದ. ಬೇಸಿಗೆ ರಜೆಯಲ್ಲಿ ಹೋಗಬಾರದಿತ್ತೇ ಎಂದು ಕೇಳಿದ. ಬೇಸಿಗೆಯಲ್ಲಿ ಮದುವೆಗಳಿರುತ್ತವೆ, ಮಂಚ ಹಾಸಿಗೆ ಮಾಡುವ ತನ್ನ ಗಂಡುಮಕ್ಕಳಿಗೆ ಆಗ ಉಣ್ಣಲೂ ಪುರುಸೊತ್ತಿರುವುದಿಲ್ಲ ಎಂದಳು ಬಷೀರಾಬಿ. ಆಷಾಢ ಬಂದರೆ ಮದುವೆಯಿಲ್ಲ, ಮಂಚ ಕೇಳುವವರಿಲ್ಲ. ಅಂಗಡಿ ಬಾಗಿಲು ಹಾಕುವುದು ಆಗಲೇ. ಆಷಾಢಕ್ಕೆ ರಜೆ ಕೊಡುವ ಶಾಲೆ ಎಲ್ಲಿದೆ, ಇದ್ದರೆ ನೀವೇ ತೋರಿಸಿ ಎಂದಳು.

"ಅವರು ಗುಮ್ಮಟ ನೋಡ್ಲಿ ಬುಡಿ," ಎಂದಳು ಚಿಕ್ಕಸಿದ್ದಮ್ಮ, "ನಾವು ಖಾಲಿ ಡ್ರಮ್ಮು ನೋಡ್ಕಂಡು ಕುಂತ್ಕತೀವಿ." ಹಾಗೆಂದವಳು ಮನೆಗೆ ಹೋಗಲಿಲ್ಲ. ಅವಳಿಗೂ ಮುಂದಿನ ಮಾತು ಬೇಕಿತ್ತು.

ಚಾಮಯ್ಯ ದನಿ ತಗ್ಗಿಸಿದ. "ಅಲ್ಲಿ ಒಂದು ಸಲ ಕೂಗಿದ್ರೆ ಏಳು ಸಲ ಕೇಳ್ತದಂತಲ್ಲಮ್ಮ. ನಿಜವಾ?"

ನಿನ್ನೆ ಜೋಯಾ ಗುಮ್ಮಟದೊಳಗಿಂದಲೇ ಫೋನ್ ಮಾಡಿ 'ದಾದಿಮಾ' ಎಂದು ಕೂಗಿದ್ದಳು. ಎಷ್ಟು ಸಲ ಕೇಳುತ್ತದೆಂದು ಬಷೀರಾಬಿ ಬೆರಳು ಮಡಚುತ್ತಾ ಹೋಗಿದ್ದಳು. ನಾಲ್ಕಕ್ಕೆ ಅಳು ಬಂದು ಲೆಕ್ಕ ತಪ್ಪಿಹೋಯಿತು ಎಂದಳು.

ಇನ್ನು ಮುಚ್ಚಿಡುವುದೇನೂ ಇರಲಿಲ್ಲವಾದ್ದರಿಂದ ಅಡ್ಡ ನಿಂತವಳು ಪಕ್ಕಕ್ಕೆ ಸರಿದು, ಬೇಕಾದರೆ ಒಳಗೆ ಬಂದು ನೋಡಿ ಎಂದಳು. ಸುತ್ತಿಟ್ಟ ಹಾಸಿಗೆಗಳನ್ನು ನೋಡಿಕೊಂಡು ಚಾಮಯ್ಯ ಹಿಂದಿನ ಬಚ್ಚಲಿಗೆ ಹೋದ. ಮೂಲೆಯಲ್ಲಿ ನೀಲಿ ಡ್ರಮ್ ಹೋದ ವಾರ ಹಿಡಿದ ನೀರಿನೊಂದಿಗೆ ಹಾಗೇ ನಿಂತಿತ್ತು. ಒಂಬತ್ತು ಜನ ಎರಡು ದಿನಕ್ಕೆ ಖಾಲಿ ಮಾಡುತ್ತಿದ್ದ ಡ್ರಮ್. ಎಂಟು ಜನ ಊರು ಬಿಟ್ಟ ಮೇಲೆ ಅದಕ್ಕೆ ಚೊಂಬು ಇಳಿಸಿದವರಿರಲಿಲ್ಲ. ಚಾಮಯ್ಯ ಟಾರ್ಚ್ ಹಾಕಿದ. ಹಿಂದೆಯೇ ಬಂದ ಬಷೀರಾಬಿ, ಚಿಕ್ಕಸಿದ್ದಮ್ಮ ಇಬ್ಬರೂ ಬಗ್ಗಿ ನೋಡಿದರು. ಬೆಳಕು ಬಿದ್ದಲ್ಲೆಲ್ಲ ಎಳ್ಳಿಗಿಂತ ಸಣ್ಣ ತಲೆಯ ಹುಳಗಳು ಕೊಂಕುತ್ತಾ ಕೆಳಗಿಳಿದವು, ಮತ್ತೆ ಮೇಲೆ ಬಂದವು.

"ಇವು ಏನು ಸಾರ್?" ಎಂದಳು ಬಷೀರಾಬಿ.

"ಸೊಳ್ಳೆ ಮರಿ."

"ರೆಕ್ಕೆ ಬರೋದು ಯಾವಾಗ?"

ಚಾಮಯ್ಯ ಇನ್ನಷ್ಟು ಬಗ್ಗಿದ. "ಇವತ್ತು ಗುರುವಾರ. ಭಾನುವಾರಕ್ಕೆಲ್ಲ ಹಾರ್ತವೆ."

ಭಾನುವಾರ ಮಧ್ಯಾಹ್ನ ಮಕ್ಕಳು ಮನೆಗೆ ಬರುತ್ತವೆ. ಬಷೀರಾಬಿ ಎರಡೂ ಕೈ ಡ್ರಮ್ಮಿನ ಅಂಚಿಗೆ ಕೊಟ್ಟು ತಳ್ಳಿದಳು. ನೀರು ಬಚ್ಚಲು ತುಂಬಿ ಹೊರಗೆ ನುಗ್ಗಿತು. ಕಾಲು ಎತ್ತಿಕೊಂಡ ಚಿಕ್ಕಸಿದ್ದಮ್ಮ, ಆ ಟಾರ್ಚು ಒಸಿ ಕೊಡಿ ಎಂದು ಚಾಮಯ್ಯನ ಕೈಯಿಂದ ಈಸಿಕೊಂಡು ತನ್ನ ಮನೆಯ ಕಡೆ ಓಡಿದಳು.