ಸೊಂಡಿಲು ಮುರಿದ ಕೇಕು

ತುಪ್ಪಕ್ಕೆ ರಾಗಿಹಿಟ್ಟು ತಾಗಿದ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ನಿಂತುಬಿಡುತ್ತದೆ.

ಆ ವರ್ಷ ಪಿತೃಪಕ್ಷಕ್ಕೆ, ಬೇಸಿಗೆಯಲ್ಲಿ ನಾಲೆಗೆ ಬಿದ್ದು ತೀರಿಕೊಂಡ ನನ್ನ ತಮ್ಮನಿಗೂ ಎಡೆ ಇಡಬೇಕಿತ್ತು. ಅವನು ಆಸೆಪಟ್ಟಿದ್ದು ಆನೆ ಅಚ್ಚಿನ ಕೇಕು. ಹುಟ್ಟುಹಬ್ಬಕ್ಕೆ ಮಾಡಿದಾಗ ಸೊಂಡಿಲು ಮುರಿದಿತ್ತೆಂದು ಒಂದು ತುಂಡೂ ಬಾಯಿಗಿಡದೆ ಅತ್ತಿದ್ದ.

ಅಮ್ಮ ಅಚ್ಚಿನ ಮೂಲೆಮೂಲೆಗೂ ತುಪ್ಪ ಸವರಿ, ರಾಗಿಹಿಟ್ಟು ಉದುರಿಸಿ, ಕುಕ್ಕರಿನೊಳಗೆ ಮರಳು ಹಾಸಿ ಬೇಯಿಸಿದಳು. "ಆರೋಗಂಟ ಮುಟ್‌ಬ್ಯಾಡ ಕಣಮ್ಮ" ಅಂತ ನನಗೆ ಹೇಳಿ ಹೂವು ತರಲು ಹೋದಳು. ಸೊಂಡಿಲು ಸರಿಯಾಗಿ ಬಂದಿದೆಯೋ ನೋಡುವ ಆತುರಕ್ಕೆ ನಾನು ಬಿಸಿ ಅಚ್ಚನ್ನೇ ತಟ್ಟೆಗೆ ಬೋರಲು ಹಾಕಿ ತಟ್ಟಿದೆ. ಸೊಂಡಿಲು ಅಚ್ಚಿನಲ್ಲೇ ಕಚ್ಚಿಕೊಂಡಿತು. ಚಮಚದಲ್ಲಿ ಬಿಡಿಸಿ, ಬೆಲ್ಲದ ಪಾಕ ಸವರಿ ಅಂಟಿಸಿದೆ. ಯಾರಿಗೂ ಗೊತ್ತಾಗಲಿಲ್ಲ.

ಎಡೆ ಇಟ್ಟ ಮೇಲೆ, ಸತ್ತವರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂತೆವು.

"ಸದ್ದು ಮಾಡ್‌ಬ್ಯಾಡಿ, ಮಗು ಎದ್ರುಕತ್ತದೆ" ಅಂದಳು ಅಜ್ಜಿ.

ಬಾಗಿಲು ತೆಗೆದಾಗ ಎಲ್ಲರಿಗಿಂತ ಮೊದಲು ಅಮ್ಮ ಒಳಗೆ ಓಡಿ ಆನೆಯ ಮುಂದೆ ಕುಕ್ಕರಿಸಿದಳು. ಸುತ್ತಲೂ ಬಗ್ಗಿಬಗ್ಗಿ ನೋಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿ ಕೇಳಿದಳು:

"ಈ ಸಲ ಮುರ್ದಿರ್ನಿಲ್ವಲ್ಲ ಅತ್ತೆ, ಯಾಕ್ ಮುಟ್ನಿಲ್ಲ?"